ಬಸ್ ನಿಲ್ದಾಣದ ಮಳೆ, ನಮ್ಮ ತಾರಸಿಯ ಬಿಸಿಲು

ಅಪ್ಪಾಜಿ,

ಮಾರುಕಟ್ಟೆಯಿಂದ ತಂದ ಹುರುಳಿಕಾಯಿಯನ್ನು ನಾನು ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿ ಮತ್ತೊಮ್ಮೆ ತೂಗಿಸಿ, ಕಮ್ಮಿ ಬಂತೆಂದು ವಾಪಸ್ ಹೋಗಿ ಜಗಳವಾಡಿ ಬಂದ ದಿನ, ನೀವು ಜಗುಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. “ನಿನ್ನ ಟೀಚರ್ ಮಾಡಿ ತಪ್ಪು ಮಾಡ್ಬುಟ್ಟೆ ಕಣಮ್ಮ ಗಿರಿಜಾ, ಪೊಲೀಸ್ ಮಾಡ್ಬೇಕಾಗಿತ್ತು” ಅಂದಿರಿ. ನನ್ನ ಅನುಮಾನದ ಬುದ್ಧಿ ಇನ್ನೂ ಹೋಗಿಲ್ಲ. ಹಾಲಿನವರು, ಕರೆಂಟ್ ಮೀಟರ್ ಓದುವವರು, ಆಟೋದವರು, ಯಾರನ್ನೂ ಬಿಟ್ಟಿಲ್ಲ. ಇಡೀ ಮೈಸೂರಿನಲ್ಲಿ ಒಬ್ಬರ ಮೇಲೆ ಮಾತ್ರ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಅದಕ್ಕೇ ಈ ಕಾಗದ ಬರೆಯಬೇಕಾಯಿತು.

ಕಳೆದ ಆಷಾಢದ ಒಂದು ಮಧ್ಯಾಹ್ನ ಅಂಚೆಯವರು ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಕೂಗಿದರು. ಒಳಗಿದ್ದ ಅಮ್ಮ ಅಭ್ಯಾಸಬಲದಿಂದ “ಅವ್ರು ಇಲ್ಲ, ಡ್ಯೂಟಿಗೋಗವ್ರೆ” ಅಂದುಬಿಟ್ಟಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ಗೋಡೆಗೆ ಒರಗಿದಳು. ನಿಮ್ಮ ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಬಳಿದು, ಕೂರಿಸಿ ಮಣ್ಣು ಮಾಡಿ ಆಗಲೇ ಒಂದೂವರೆ ವರ್ಷವಾಗಿತ್ತು. ಬಂದದ್ದು ರಿಜಿಸ್ಟರ್ಡ್ ಪೋಸ್ಟ್. ಬನ್ನಿಮಂಟಪದ ಆಚೆಯ ಹೊಸ ಬಸ್ ನಿಲ್ದಾಣದ ಕಾಮಗಾರಿ ವಿಳಂಬವಾದುದಕ್ಕೂ ವೆಚ್ಚ ಅಂದಾಜು ಮೀರಿದುದಕ್ಕೂ ತಮ್ಮನ್ನು ಏಕೆ ಹೊಣೆ ಮಾಡಬಾರದು, ಹದಿನೈದು ದಿನಗಳೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದಿತ್ತು. ನೋಡಿ ಅಪ್ಪಾಜಿ, ಒಂದೂವರೆ ವರ್ಷದ ಕೆಲಸಕ್ಕೆ ಎಂಟು ವರ್ಷ ತೆಗೆದುಕೊಂಡವರು ತೀರಿಹೋದವರಿಗೆ ಕೊಟ್ಟದ್ದು ಹದಿನೈದೇ ದಿನ!

ಆ ನಿಲ್ದಾಣಕ್ಕೆ ಗುದ್ದಲಿ ಪೂಜೆ ಆದ ದಿನ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನನ್ನೂ ಅಮ್ಮನನ್ನೂ ಕರೆದುಕೊಂಡು ಹೋಗಿದ್ದಿರಿ. ವರ್ಕ್ ಇನ್‌ಸ್ಪೆಕ್ಟರ್ ಅಂದರೆ ಅಲ್ಲಿ ಹಾಕುವ ಒಂದೊಂದು ಬಾಣಲಿ ಕಾಂಕ್ರೀಟಿಗೂ ನೀವೇ ಸಾಕ್ಷಿ ಎಂದು ಹೆಮ್ಮೆಯಿಂದ ಹೇಳಿದಿರಿ. ಮುಗಿಯುವ ತಾರೀಕನ್ನು ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿದ್ದರು. ಆ ತಾರೀಕು ಬಂತು, ಹೋಯಿತು. ಅದರ ಮೇಲೆ ಒಂದು ತಗಡು ಹೊಡೆದು ಹೊಸ ತಾರೀಕು ಬರೆದರು. ಆಮೇಲೆ ತಗಡಿನ ಮೇಲೆ ತಗಡು. ಇಲವಾಲದ ಶಾಲೆಗೆ ಹೋಗುವ ನಾನು ದಿನಾ ಅಲ್ಲೇ ಬಸ್ಸು ಬದಲಿಸಬೇಕಿತ್ತು. ಜಲ್ಲಿ ರಾಶಿಯ ಪಕ್ಕದಲ್ಲಿ, ಬಿಸಿಲಲ್ಲಿ, ಕೊಡೆ ಹಿಡಿದು ನಿಂತೇ ನನ್ನ ಪ್ರಾಯ ಕಳೆಯಿತು ಅನ್ನಿ. “ಮೇಡಂ, ನಿಮ್ ತಂದೆಯವ್ರು ನಿಮ್ ಮದ್ವೆ ಒತ್ಗಾದ್ರೂ ಮುಗುಸ್ತಾರಾ?” ಎಂದು ಕಂಡಕ್ಟರು ಕಿಚಾಯಿಸುತ್ತಿದ್ದರು. ನಿಲ್ದಾಣ ಕೊನೆಗೂ ಮುಗಿಯಿತು. ಮದುವೆ ಇನ್ನೂ ಆಗಿಲ್ಲ, ಅದಕ್ಕೆ ನಿಮ್ಮ ಇಲಾಖೆಯನ್ನು ದೂರುವ ಹಾಗಿಲ್ಲ.

ನೋಟಿಸು ಬಂದ ನಾಲ್ಕನೇ ದಿನ ನಿಂಗೇಗೌಡರು ಬಂದರು. ನಿಮ್ಮ ಆಫೀಸಿನ ಗುಮಾಸ್ತರು, ಊಟದ ಡಬ್ಬಿ ಹಂಚಿಕೊಂಡವರು, ನಿಮ್ಮ ಅಂತ್ಯಕ್ರಿಯೆಯ ದಿನ ಹೆಗಲು ಕೊಟ್ಟವರು. ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಹಣ್ಣಿನ ಕವರಿನಲ್ಲೇ ಟೈಪ್ ಮಾಡಿದ ಒಂದು ಹಾಳೆಯೂ ಇತ್ತು. “ಏನಿಲ್ಲ ಕಣಕ್ಕ, ಒಂದ್ ಸೈನ್ ಆಕ್ಬುಡಿ. ಈ ನೋಟಿಸ್ ತಲೆನೋವು ಇಲ್ಲಿಗೇ ನಿಂತೋಗುತ್ತೆ” ಎಂದು ಅಮ್ಮನ ಕೈಗೆ ಪೆನ್ನು ಕೊಟ್ಟರು. ಅಮ್ಮ ಕನ್ನಡಕ ಹುಡುಕತೊಡಗಿದಳು. ನಾನು ಆ ಹಾಳೆಯನ್ನು ಕಿತ್ತುಕೊಂಡು ಓದಿದೆ. ಕಾಮಗಾರಿಯ ಅಡಚಣೆ ರಿಜಿಸ್ಟರನ್ನು ನನ್ನ ಪತಿಯೇ ಬರೆಯುತ್ತಿದ್ದರು, ಅದರಲ್ಲಿನ ದಾಖಲೆಗಳಿಗೆ ಅವರೇ ಜವಾಬ್ದಾರರು, ಅವರು ಈಗ ದಿವಂಗತರಾದ್ದರಿಂದ ದಯವಿಟ್ಟು ವಿಚಾರಣೆ ಕೈಬಿಡಬೇಕು ಎಂದು ಬರೆದಿತ್ತು. ಎಷ್ಟು ವಿನಯ ನೋಡಿ! 

“ಇದನ್ನ ಟೈಪ್ ಮಾಡಿಸಿದ್ದು ಯಾರು ನಿಂಗೇಗೌಡ್ರೇ?” ಎಂದು ಕೇಳಿದೆ. ಅವರು ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡರು. “ಯಾರಾದ್ರೇನಮ್ಮ? ತೀರ್ಕಂಡೋರ್ಗೆ ಯಾವ್ ಜೈಲು, ಯಾವ್ ದಂಡ? ಇರೋರು ಉಳ್ಕತಾರೆ. ಅಕ್ಕೋರ ಪಿಂಚಣಿಗೂ ಏನೂ ತೊಂದ್ರೆ ಆಗಲ್ಲ, ನಾನ್ ಕೇಳ್ಕಂಡೇ ಬಂದಿವ್ನಿ” ಅಂದರು. ಯಾರನ್ನು ಕೇಳಿಕೊಂಡು ಬಂದರು? ಮಣ್ಣು ಮಾಡುವ ದಿನ ನಿಮಗೆ ಹಾಕಿದ ಹಾರಗಳಲ್ಲಿ ಒಂದು ಸುಗಂಧರಾಜದ ಹಾರ ನನ್ನ ತೋಳಿಗಿಂತ ದಪ್ಪ ಇತ್ತಲ್ಲ, ನಿಮ್ಮ ದೊಡ್ಡ ಸಾಹೇಬರ ಮನೆಯಿಂದ ಬಂದದ್ದು? ಒಬ್ಬ ವರ್ಕ್ ಇನ್‌ಸ್ಪೆಕ್ಟರಿಗೆ ಅಷ್ಟು ದಪ್ಪದ ಹಾರ ಯಾಕೆ ಎಂದು ನನಗೆ ಅವತ್ತೇ ಅನ್ನಿಸಿತ್ತು. ಅಳುವಿನ ಮಧ್ಯೆ ಮರೆತಿದ್ದೆ. ಹಾಳೆಯನ್ನು ಮಡಚಿ ಅವರ ಜೇಬಿಗೇ ತುರುಕಿ, ಬಾಳೆಹಣ್ಣನ್ನೂ ಕೊಟ್ಟು ಕಳಿಸಿದೆ. 

ನೀವಿದ್ದಾಗ ಸರ್ಕಾರಿ ಫೈಲು ಅಂದರೆ ನಮ್ಮಂಥವರು ದೂರದಿಂದ ನೋಡಿ ಕೈಮುಗಿಯುವ ವಸ್ತುವಾಗಿತ್ತು. ಈಗ ಹಾಗಿಲ್ಲ ಅಪ್ಪಾಜಿ. ಮಾಹಿತಿ ಹಕ್ಕು ಎಂದು ಒಂದು ಕಾನೂನು ಬಂದಿದೆ, ಅರ್ಜಿ ಹಾಕಿದರೆ ತೋರಿಸಲೇಬೇಕು. ದಾಖಲೆ ನೋಡಿದ ಮೇಲೆ ಸಮಜಾಯಿಷಿ ಕೊಡುತ್ತೇವೆ ಎಂದು ನೋಟಿಸಿಗೆ ಉತ್ತರ ಬರೆದು, ನಾನು ಅರ್ಜಿ ಹಾಕಿದೆ. ನನಗಿದ್ದದ್ದು ಒಂದೇ ಖಾತ್ರಿ, ಆ ರಿಜಿಸ್ಟರಿನಲ್ಲಿರುವುದು ನಿಮ್ಮ ಅಕ್ಷರ ಅಲ್ಲ ಎಂದು. ಯಾರೋ ಬರೆದು ನಿಮ್ಮ ತಲೆಗೆ ಕಟ್ಟಿದ್ದಾರೆ, ಆ ಕಳ್ಳತನ ಹಿಡಿದು ಎಲ್ಲರ ಮುಂದೆ ಇಡುತ್ತೇನೆ ಎಂದು ಟೊಂಕ ಕಟ್ಟಿಕೊಂಡು ಹೋದೆ. ಎರಡು ತಿಂಗಳು ಅಲೆದಾಡಿಸಿದ ಮೇಲೆ ಒಂದು ಬೆಳಿಗ್ಗೆ ಮೇಜಿನ ಮೇಲೆ ಆ ಉದ್ದನೆಯ ರಟ್ಟಿನ ಪುಸ್ತಕ ಇಟ್ಟರು. ತೆರೆದೆ. ಮೊದಲ ಪುಟದಲ್ಲೇ ನಿಮ್ಮ ‘ಶ್ರೀ’. ಅಂಗಡಿ ಸಾಮಾನಿನ ಚೀಟಿಯ ಮೇಲೂ ಬರೆಯುತ್ತಿದ್ದಿರಲ್ಲ, ಬಾಲ ಎಳೆದು, ಅದೇ ‘ಶ್ರೀ’. 

ಆ ಪುಸ್ತಕದ ಮಹಿಮೆಯನ್ನು ನೀವೇ ಒಮ್ಮೆ ಊಟ ಮಾಡುತ್ತ ನನಗೆ ವಿವರಿಸಿದ್ದಿರಿ. ಕೆಲಸ ನಿಂತ ದಿನವನ್ನೂ, ಯಾಕೆ ನಿಂತಿತು ಎಂಬುದನ್ನೂ ಅದರಲ್ಲಿ ಬರೆಯಬೇಕು. ತಪ್ಪು ಕಂಟ್ರಾಕ್ಟರದ್ದಾದರೆ ಅವರು ದಂಡ ಕಟ್ಟಬೇಕು. ಮಳೆಯಿಂದಲೋ ಗಲಾಟೆಯಿಂದಲೋ ನಿಂತದ್ದಾದರೆ ದಂಡ ಇಲ್ಲ, ಅವಧಿ ಮುಂದಕ್ಕೆ ಹೋಗುತ್ತದೆ, ಬೆಲೆ ಏರಿದೆ ಎಂದು ದರವೂ ಏರುತ್ತದೆ. ಈಗ ನಾನು ಪುಟ ತಿರುವುತ್ತ ಹೋದೆ. ದಸರೆಯ ಪಂಜಿನ ಕವಾಯತು ಒಂದು ಸಂಜೆಯದ್ದು, ನಿಮ್ಮ ಪುಸ್ತಕದಲ್ಲಿ ಅದಕ್ಕೆ ಮೂರು ವಾರ ರಜೆ. ಎಲೆಕ್ಷನ್ನಿಗೆ ಒಂದು ತಿಂಗಳು. ಮರಳು ಲಾರಿ ಮುಷ್ಕರ, ಅದನ್ನು ಒಪ್ಪಿಕೊಳ್ಳೋಣ. ಆಮೇಲೆ ಬಂತು ಮಾರ್ಚ್ ತಿಂಗಳು. ಮೂರನೇ ತಾರೀಕಿನಿಂದ ಇಪ್ಪತ್ತನೇ ತಾರೀಕಿನವರೆಗೆ ಒಂದೇ ಸಮನೆ, ‘ಭಾರೀ ಮಳೆ, ಪಾಯದ ಗುಂಡಿಯಲ್ಲಿ ನೀರು, ಕೆಲಸ ಸ್ಥಗಿತ’. ಮೈಸೂರಿನಲ್ಲಿ, ಮಾರ್ಚಿನಲ್ಲಿ, ಹದಿನೆಂಟು ದಿನ ಜಡಿಮಳೆ! ಕೆಳಗೆ ದೊಡ್ಡ ಸಾಹೇಬರೂ ಸೇರಿ ಮೂವರು ಅಧಿಕಾರಿಗಳ ಸಹಿ. ಒಬ್ಬರಿಗಾದರೂ ಕಿಟಕಿಯಿಂದ ಆಚೆ ನೋಡೋಣ ಅನ್ನಿಸಲಿಲ್ಲವಾ? ಬರೆಯುವಾಗ ನಿಮಗೂ ಅನ್ನಿಸಲಿಲ್ಲವಾ?

ಮನೆಗೆ ಬಂದಾಗ ಅಮ್ಮ ಸಂಡಿಗೆ ಕರಿಯುತ್ತಿದ್ದಳು. ಆ ಹಳೇ ಬಿಸ್ಕತ್ತಿನ ತಗಡಿನ ಡಬ್ಬ ನಿಮಗೆ ಗೊತ್ತಲ್ಲ. ಪ್ರತಿ ವರ್ಷ ಸಂಡಿಗೆ ಒಣಗಿಸಿ ತುಂಬಿದ ದಿನ ಅಮ್ಮ ಮುಚ್ಚಳದ ಮೇಲೆ ಮೊಳೆಯಿಂದ ತಾರೀಕು ಕೆತ್ತುತ್ತಾಳೆ. ಹಳೆಯದರ ಜೊತೆ ಹೊಸದು ಬೆರೆಯಬಾರದು, ಅಷ್ಟೇ ಅವಳ ಲೆಕ್ಕ. “ನಿಮ್ಮಮ್ಮ ನಮ್ ಆಫೀಸ್ಗಿಂತ ಚೆನ್ನಾಗಿ ರಿಜಿಸ್ಟರ್ ಇಡ್ತಾಳೆ” ಎಂದು ನೀವು ರೇಗಿಸುತ್ತಿದ್ದಿರಿ. ಮುಚ್ಚಳದ ಮೇಲೆ ಒಂದರ ಕೆಳಗೊಂದು ತಾರೀಕು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ತಾರೀಕಿನ ಪಕ್ಕ ಎರಡು ಮಾತು ಜಾಸ್ತಿ ಇತ್ತು: ‘ಹೊಸ ತಾರಸಿ’. ಅದು ರಿಜಿಸ್ಟರಿನಲ್ಲಿ ಮಳೆ ಬಂದ ಅದೇ ವರ್ಷ. ಮಾರ್ಚ್ ಹದಿನಾರು.

“ಅಮ್ಮ, ಹೊಸ ತಾರಸಿ ಮೇಲೆ ಮೊದಲ ಸಲ ಸಂಡಿಗೆ ಒಣಗಿಸಿದಾಗ ಮಳೆ ಇತ್ತಾ?” ಅಂದೆ. “ನಿಂಗೇನ್ ತಲೆ ಕೆಟ್ಟಿದ್ಯಾ? ಮಳೇಲಿ ಸಂಡಿಗೆ ಇಡ್ತಾರಾ? ಒಂದೇ ದಿನಕ್ಕೆ ಗರಿಗರಿ ಒಣಗಿದ್ವು ಕಣೇ ಅವತ್ತು” ಅಂದಳು. ಆಗ ನನಗೆ ನೆನಪಾಯಿತು ಅಪ್ಪಾಜಿ. ನೆನಪಾಗದೇ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ತಾರಸಿ ಒರಟು, ಸಂಡಿಗೆಗೆ ಮರಳು ಹತ್ತುತ್ತದೆ ಎಂದು ಅಮ್ಮ ವರ್ಷವರ್ಷವೂ ಗೊಣಗುತ್ತಿದ್ದಳು. ಆ ಮಾರ್ಚಿನ ಮೊದಲ ವಾರ ಇದ್ದಕ್ಕಿದ್ದಂತೆ ಮೇಸ್ತ್ರಿ, ನಾಲ್ಕು ಆಳು, ಸಿಮೆಂಟು ಎಲ್ಲ ಬಂದವು. ಮೂರು ದಿನದಲ್ಲಿ ತಾರಸಿ ಕನ್ನಡಿ ಹಾಗೆ ನುಣ್ಣಗಾಯಿತು. ಆಮೇಲೆ ಹತ್ತು ದಿನ ಅದರ ಮೇಲೆ ನೀರು ನಿಲ್ಲಿಸಬೇಕಿತ್ತಲ್ಲ, ಬಿಂದಿಗೆಯಲ್ಲಿ ಹೊತ್ತು ಹಾಕಿದವಳು ನಾನೇ. ಆ ತಿಂಗಳು ಇಡೀ ಮೈಸೂರಿನಲ್ಲಿ ನೀರು ನಿಂತಿದ್ದರೆ ಅದು ನಮ್ಮ ತಾರಸಿಯ ಮೇಲೆ ಮಾತ್ರ.

ಆ ಮೇಸ್ತ್ರಿಯ ಮುಖ ನೋಡಿ ನಾನು ನಿಮ್ಮನ್ನು ಕೇಳಿದ್ದೆ. “ಇವ್ರು ನಿಮ್ಮ ಬಸ್‌ಸ್ಟ್ಯಾಂಡ್ ಮೇಸ್ತ್ರಿ ಅಲ್ವಾ ಅಪ್ಪಾಜಿ?” ನೀವು ನನ್ನ ಕಡೆ ನೋಡದೆ, “ಇವತ್ತು ಅವ್ರಿಗೆ ಅಲ್ಲಿ ಕೆಲ್ಸ ಇಲ್ಲ” ಅಂದಿರಿ. ಹುರುಳಿಕಾಯಿಯನ್ನು ಎರಡು ಸಲ ತೂಗಿಸುವ ನಾನು ಆ ಮಾತನ್ನು ಒಂದು ಸಲವೂ ತೂಗಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ನಿಲ್ದಾಣದ ಜಲ್ಲಿಯ ಮೇಲೆ ನಿಂತು, ಕೆಲಸ ಯಾಕೆ ನಿಂತಿದೆಯೋ ಎಂದು ಸರ್ಕಾರಕ್ಕೆ ಶಾಪ ಹಾಕಿದೆ. ಸಂಜೆ ಬಂದು ನಮ್ಮ ತಾರಸಿಗೆ ನೀರು ಹಾಕಿದೆ. ನಮ್ಮ ಮನೆಗೆ ಬಂದದ್ದಕ್ಕೆ ಅನುಮಾನ ಬರುವುದಿಲ್ಲ ಅಲ್ಲವಾ? ಆ ವರ್ಷದ ಸಂಡಿಗೆಯನ್ನು ಸ್ಟಾಫ್ ರೂಮಿಗೂ ತೆಗೆದುಕೊಂಡು ಹೋಗಿ ಹಂಚಿದ್ದೆ.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಗೋಡೆಯ ಮೇಲಿನ ನಿಮ್ಮ ಫೋಟೋಗೆ ಹೂವು ಮುಡಿಸುವುದನ್ನೇ ನಿಲ್ಲಿಸಿಬಿಟ್ಟೆ. ದೀಪಾವಳಿಗೆ ಕಂಟ್ರಾಕ್ಟರು ಕಳಿಸಿದ ಸ್ವೀಟ್ ಬಾಕ್ಸನ್ನು ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗಿ ವಾಪಸ್ ಕೊಟ್ಟು ಬಂದವರು ನೀವು. ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವನು, ಪುಕ್ಕಟೆ ಅನ್ನದ ಬೆಲೆ ನನಗೆ ಗೊತ್ತು ಅನ್ನುತ್ತಿದ್ದವರು ನೀವು. ಹಾಗಿದ್ದವರು ಮೂರು ದಿನದ ಕೂಲಿಗೆ, ನಾಲ್ಕು ಮೂಟೆ ಸಿಮೆಂಟಿಗೆ... ಅಥವಾ ನಿಮ್ಮನ್ನೂ ಸೇರಿಸಿಕೊಂಡರೆ ನೀವು ಬಾಯಿ ಬಿಡುವುದಿಲ್ಲ ಎಂದು ಅವರೇ ಕಳಿಸಿದರಾ? “ನಿಮ್ಮ ಮನೇದೂ ಮಾಡಿಸ್ಕೊಂಡ್ಬುಡಿ” ಎಂದು ಯಾರೋ ಹೇಳಿರಬೇಕು. ನೀವು ಆಗ ಬೇಡ ಅನ್ನಬೇಕಿತ್ತು. ಅಮ್ಮನ ಗೊಣಗಾಟ ಕೇಳಿ ಕೇಳಿ ಸಾಕಾಗಿತ್ತಾ? ಅವಳ ಮುಖದಲ್ಲಿ ಒಂದು ನಗು ನೋಡಬೇಕು ಅನ್ನಿಸಿತ್ತಾ? ಉತ್ತರ ಕೊಡುವುದಕ್ಕೆ ನೀವು ಇಲ್ಲ. ನೀವು ಇಲ್ಲ ಅನ್ನುವುದೇ ಅವರಿಗೆಲ್ಲ ಅನುಕೂಲ.

ನಿಂಗೇಗೌಡರು ಮತ್ತೆ ಬಂದದ್ದು ಒಂದು ಭಾನುವಾರ. ನಾನು ರಿಜಿಸ್ಟರ್ ನೋಡಿದ ಸುದ್ದಿ ಆಗಲೇ ಮುಟ್ಟಬೇಕಾದವರಿಗೆ ಮುಟ್ಟಿತ್ತು. ಈ ಸಲ ಬಾಳೆಹಣ್ಣು ಇರಲಿಲ್ಲ, ಹಾಳೆ ಮಾತ್ರ ಇತ್ತು. ನಾನು ಏನೂ ಮುಚ್ಚಿಡದೆ ಕೇಳಿದೆ, ನಮ್ಮ ತಾರಸಿ ಮಾಡಿದ್ದು ಅಲ್ಲಿನ ಆಳುಗಳೇ ತಾನೇ ಎಂದು. ಅವರ ಕಣ್ಣಲ್ಲಿ ನೀರು ಬಂತು. “ಅಯ್ಯೋ, ಅದ್ಯಾವ್ ಮಾತು ಬುಡಮ್ಮ. ನಿಮ್ಮಪ್ಪಾರು ದೇವರಂತೋರು. ನಿಮ್ಮನೇಗೆ ಬಂದಿದ್ದು ಮೂರೇ ದಿನ. ಉಳಿದ್ ದಿನವೆಲ್ಲ ಸಾಹೇಬ್ರ ಮನೇಲಿ ಮೋಲ್ಡಿಂಗು...” ಎಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮನ ಮೊರದ ಸದ್ದು ನಿಂತಿತು. “ನಾನೇನೂ ಯೋಳ್ನಿಲ್ಲ ಕಣಮ್ಮ. ನಂಗಿನ್ನೂ ಎರಡ್ ವರ್ಷ ಸರ್ವೀಸ್ ಅದೆ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹಾಳೆ ನಮ್ಮ ಜಗುಲಿಯ ಮೇಲೇ ಉಳಿಯಿತು.

ಆ ಸಂಜೆ ಅಮ್ಮನ ಮುಂದೆ ಕೂತು ಇರುವುದನ್ನೆಲ್ಲ ಹೇಳಿದೆ. ಎರಡು ದಾರಿ ಇವೆ ಎಂದೆ. ಹಾಳೆಗೆ ನೀನು ಸಹಿ ಹಾಕಿದರೆ ಕೇಸು ಮುಚ್ಚಿಹೋಗುತ್ತದೆ, ಎಂಟು ವರ್ಷದ ಹೊಣೆಯೂ ಅಪ್ಪಾಜಿಯೊಬ್ಬರ ಮೇಲೆ, ಕಾಗದದಲ್ಲಿ ಶಾಶ್ವತವಾಗಿ. ಹಾಕದೆ ನಿಜ ಹೇಳಿದರೆ ನಾವೇ ಅಪ್ಪಾಜಿಯ ಸುಳ್ಳನ್ನು ನಾಲ್ಕು ಜನರ ಮುಂದೆ ಇಟ್ಟ ಹಾಗೆ. ಅಮ್ಮ ನಿಮ್ಮ ಫೋಟೋ ಕಡೆ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಡಬ್ಬದ ಸಂಡಿಗೆಯನ್ನು ಪಾತ್ರೆಗೆ ಸುರಿದು, ಮುಚ್ಚಳವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. “ಅವ್ರು ಮಾಡಿದ್ದು ತಪ್ಪೇ. ನಾನೂ ಆ ತಾರ್ಸಿ ಮೇಲೆ ಕುಣಿದಾಡ್ದೋಳೇ. ಆದ್ರೆ ಸಾಹೇಬ್ರ ಮನೆ ಮೋಲ್ಡಿಂಗ್ನ ನನ್ ಗಂಡನ್ ಸಮಾಧಿ ಮೇಲೆ ಯಾಕ್ ಒರುಸ್ತಾರೆ? ತಗೊಂಡೋಗು” ಅಂದಳು. ನಾನು ಅತ್ತುಬಿಟ್ಟೆ ಅಪ್ಪಾಜಿ, ಅವಳು ಅಳಲಿಲ್ಲ.

ವಿಚಾರಣೆಗೆ ಕರೆ ಬಂದು ವಿಚಾರಣಾಧಿಕಾರಿಗಳ ಮುಂದೆ ಕೂತಾಗ ನನ್ನ ಕೈಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ಆ ಮುಚ್ಚಳ ಇತ್ತು. ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಮುಚ್ಚಳವನ್ನು ಮೇಜಿನ ಮೇಲೆ ಇಟ್ಟಾಗ “ಏನಮ್ಮ ಇದು?” ಅಂದರು. “ನಮ್ಮ ಮನೆಯ ಅಡಚಣೆ ರಿಜಿಸ್ಟರ್ ಸಾರ್” ಅಂದೆ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ನಿಮ್ಮ ದೊಡ್ಡ ಸಾಹೇಬರು ಜೋರಾಗಿ ನಕ್ಕರು. ಆಮೇಲೆ ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ಆ ಹದಿನೆಂಟು ದಿನ ಮಳೆ ಬರಲಿಲ್ಲ. ಬಂತೆಂದು ಬರೆದವರು ನನ್ನ ತಂದೆ, ಅಕ್ಷರ ಅವರದ್ದೇ. ಮೊದಲ ಮೂರು ದಿನ ನಿಲ್ದಾಣದ ಆಳುಗಳು ಕೆಸರೆಯ ನಮ್ಮ ಮನೆಯ ತಾರಸಿಯ ಮೇಲಿದ್ದರು, ಆ ಮೂರು ದಿನದ ಹೊಣೆ ನಮ್ಮದು. ಉಳಿದ ಹದಿನೈದು ದಿನ ಅವರು ಯಾರ ಮನೆಯ ತಾರಸಿಯ ಮೇಲಿದ್ದರು ಎಂಬುದನ್ನು ಆ ಪುಟಗಳಿಗೆ ಸಹಿ ಹಾಕಿದ, ಬದುಕಿರುವ ಮೂವರನ್ನು ಕೇಳಬೇಕು.

  ಮುಗಿಸಿ ತಲೆ ಎತ್ತಿದಾಗ ಹಿಂದಿನಿಂದ ನಗು ಕೇಳಿಸಲಿಲ್ಲ. ವಿಚಾರಣಾಧಿಕಾರಿಗಳು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಮೊದಲ ಸಾಲನ್ನು ಬೆರಳಿನಿಂದ ಸವರಿ ನೋಡಿದರು. ರಿಜಿಸ್ಟರಿನ ಹದಿನಾರನೇ ತಾರೀಕಿನ ಪುಟ ತೆಗೆಸಿ ಪಕ್ಕದಲ್ಲಿ ಇಟ್ಟುಕೊಂಡರು. ಆಮೇಲೆ ಮುಚ್ಚಳಕ್ಕೆ ಒಂದು ಚೀಟಿ ಕಟ್ಟಿ, ಅರಗು ಹಾಕಿ, ಸಾಕ್ಷ್ಯ ಎಂದು ಒಳಗಿಟ್ಟುಕೊಂಡರು.

ಹೋದ ವಾರ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಿಂಗೇಗೌಡರು ಸಿಕ್ಕರು. ಅಕ್ಕಪಕ್ಕ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು, ಮೂವರಿಗೂ ನೋಟಿಸು ಹೋಗಿದೆಯಂತೆ, ಅವರಿಗೂ ಹದಿನೈದು ದಿನವಂತೆ. ನಂಬಬೇಕೋ ಬೇಡವೋ ಗೊತ್ತಿಲ್ಲ. ಆ ನೋಟಿಸುಗಳೂ ಎಲ್ಲೋ ಒಂದು ಕಡೆ ಮಳೆಗೆ ಸಿಕ್ಕಿಕೊಂಡಾವು ಎಂದು ನನಗೆ ಈಗಲೇ ಗುಮಾನಿ. ಅದಕ್ಕೇ ತಿಂಗಳಿಗೊಂದು ಅರ್ಜಿ ಹಾಕುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ, ಎಷ್ಟು ವರ್ಷ ಆದರೂ ಸರಿ. ಅಮ್ಮ ಈ ಸಲ ಸಂಡಿಗೆಯ ಡಬ್ಬಕ್ಕೆ ತಟ್ಟೆ ಮುಚ್ಚಿ ಮೇಲೆ ಕಲ್ಲು ಇಟ್ಟಿದ್ದಾಳೆ. “ನನ್ ಮುಚ್ಚಳ ಯಾವಾಗ ಕೊಡ್ತಾರಂತೆ?” ಎಂದು ದಿನಾ ಕೇಳುತ್ತಾಳೆ.

ನಿಮ್ಮ ಫೋಟೋಗೆ ಇವತ್ತು ಮತ್ತೆ ಹೂವು ಮುಡಿಸಿದೆ. ನಿಮ್ಮನ್ನು ಬಿಡಿಸಿಕೊಂಡು ಬರಲು ನನ್ನಿಂದ ಆಗಲಿಲ್ಲ ಅಪ್ಪಾಜಿ. ಆದರೆ ಅಲ್ಲಿ ನಿಮ್ಮೊಬ್ಬರನ್ನೇ ಬಿಟ್ಟೂ ಬರಲಿಲ್ಲ.

ನಿಮ್ಮ ಮಗಳು,
ಗಿರಿಜಾ